ಎಡಿನ್‌ಬರೋ ವೈದ್ಯವಿದ್ಯಾರ್ಥಿಗಳ ಗೋಷ್ಠಿಯೂ ಅಧ್ಯಾಪಕ ವೃತ್ತಿಯೂ

ವೈದ್ಯವಿದ್ಯಾಲಯಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಪ್ರಾಧ್ಯಾಪಕರ ಪರಂಪರೆಯನ್ನೂ ಆಸ್ಪತ್ರೆಗಳ ಸ್ಥಾಪನೆಯನ್ನೂ ಗ್ರಂಥಗಳ ಪ್ರಕಟಣೆಯನ್ನೂ ಹೇಳಿ ತೃಪ್ತರಾಗುತ್ತಾರೆ. ಆ ಇತಿಹಾಸದಲ್ಲಿ ವಿದ್ಯಾರ್ಥಿಯು ಪೀಠದ ಮುಂದೆ ಕುಳಿತ ಸಮೂಹದಲ್ಲೊಬ್ಬನಾಗಿ ಮಾತ್ರ ಕಾಣಿಸಿಕೊಂಡು ಮರೆಯಾಗುತ್ತಾನೆ. ಆದರೆ ಪೀಠದ ಮೇಲಿರುವವನೂ ಒಂದು ಕಾಲಕ್ಕೆ ವಿದ್ಯಾರ್ಥಿಯಾಗಿದ್ದವನೇ. ರೋಗಿಗಳನ್ನು ನೋಡಿ ಸುಖವಾಗಿ ಸಂಪಾದಿಸುವ ಮಾರ್ಗವು ಕಣ್ಣೆದುರಿಗೇ ತೆರೆದಿರುವಾಗ, ಕೆಲವರು ಬೋಧನೆಯನ್ನೂ ಶಾಸ್ತ್ರವಿಚಾರವನ್ನೂ ಏಕೆ ಆರಿಸಿಕೊಂಡರು, ಆ ಒಲವು ಅವರಲ್ಲಿ ಎಲ್ಲಿ ಮೊಳೆಯಿತು ಎಂಬ ಪ್ರಶ್ನೆ ವಿಚಾರಾರ್ಹವಾದುದು. ಇದಕ್ಕೆ ಉತ್ತರವನ್ನು ನಾವು ಇಲ್ಲಿ ಒಂದೇ ಒಂದು ಸಂಘದ ಚರಿತ್ರೆಯಿಂದ ಹುಡುಕಲು ಯತ್ನಿಸಿದ್ದೇವೆ. ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ಹದಿನೆಂಟನೆಯ ಶತಮಾನದ ವೈದ್ಯವಿದ್ಯಾರ್ಥಿಗಳು ತಾವೇ ಕಟ್ಟಿ, ತಾವೇ ನಡೆಸಿದ ಮೆಡಿಕಲ್ ಸೊಸೈಟಿ ಎಂಬ ಸಂಘವದು. ಮೈಸೂರಿನ ಇತಿಹಾಸವನ್ನು ಓದಿದವರಿಗೆ ಆ ವಿದ್ಯಾಕೇಂದ್ರ ಪೂರ್ತಿಯಾಗಿ ಅಪರಿಚಿತವಲ್ಲ. ಟಿಪ್ಪುವಿನ ಪತನದ ತರುವಾಯ ೧೮೦೦-೦೧ರಲ್ಲಿ ನಮ್ಮ ನಾಡನ್ನು ಸುತ್ತಿ, ೧೮೦೭ರಲ್ಲಿ ಮೂರು ಸಂಪುಟಗಳ ಪ್ರವಾಸವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ೧೭೮೩ರಲ್ಲಿ ಎಡಿನ್‌ಬರೋದ ವೈದ್ಯಪದವಿಯನ್ನು ಪಡೆದವನು.

ಸಂಘ ಹುಟ್ಟಿದ ಕಾಲಕ್ಕೆ ಎಡಿನ್‌ಬರೋದ ವೈದ್ಯವಿಭಾಗ ಇನ್ನೂ ಹೊಸದು. ಮೊದಲನೆಯ ಅಲೆಗ್ಸಾಂಡರ್ ಮನ್ರೋ ೧೭೨೦ರಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದನು. ೧೭೨೬ರಲ್ಲಿ ಇನ್ನು ನಾಲ್ವರು ನೇಮಕಗೊಂಡು ವೈದ್ಯವಿಭಾಗ ರೂಪುಗೊಂಡಿತು. ಆ ನಾಲ್ವರೂ ಹಾಲೆಂಡಿನ ಲೈಡನ್ ನಗರದಲ್ಲಿ ಬೋರ್‌ಹಾವೆಯ ಪದತಲದಲ್ಲಿ ಕುಳಿತು ಕಲಿತವರು. ಗುರುವಿನ ಮತವೇ ಪ್ರಮಾಣ, ಲ್ಯಾಟಿನ್ ಭಾಷೆಯೇ ಶಾಸ್ತ್ರದ ಭಾಷೆ ಎಂಬ ವಾತಾವರಣ ಅಲ್ಲಿದ್ದಿತು. ಪ್ರಾಧ್ಯಾಪಕನ ಆದಾಯವು ಹೆಚ್ಚಾಗಿ ವಿದ್ಯಾರ್ಥಿಗಳು ಆಯಾ ತರಗತಿಗೆ ನೇರವಾಗಿ ತೆರುತ್ತಿದ್ದ ಶುಲ್ಕದಿಂದ ಬರುತ್ತಿತ್ತು. ಆದುದರಿಂದ ಬೋಧಕನಿಗೆ ತರಗತಿ ತುಂಬುವಂತೆ ಮಾತನಾಡುವ ಅಗತ್ಯವಿತ್ತೇ ಹೊರತು, ಶಿಷ್ಯನನ್ನು ಮಾತನಾಡಿಸಬೇಕಾದ ಅಗತ್ಯ ಅಷ್ಟಾಗಿ ಇರಲಿಲ್ಲ. ವಿದ್ಯಾರ್ಥಿ ಕೇಳುತ್ತಿದ್ದನು, ಬರೆದುಕೊಳ್ಳುತ್ತಿದ್ದನು. ಪದವಿ ಬೇಕಾದವನು ಕಡೆಗೊಮ್ಮೆ ಲ್ಯಾಟಿನ್ನಿನಲ್ಲಿ ಪರೀಕ್ಷೆಗೆ ನಿಂತು ಪ್ರೌಢಪ್ರಬಂಧವನ್ನು ಒಪ್ಪಿಸುತ್ತಿದ್ದನು. ಈ ಎರಡರ ನಡುವೆ ಅವನು ಬಾಯಿ ತೆರೆಯುವುದಕ್ಕೆ ವಿದ್ಯಾಲಯದಲ್ಲಿ ಸ್ಥಳವಿರಲಿಲ್ಲವೆಂದೇ ಹೇಳಬಹುದು.

ಆ ಸ್ಥಳವನ್ನು ವಿದ್ಯಾರ್ಥಿಗಳೇ ಮಾಡಿಕೊಂಡರು. ಅದರ ಮೂಲವೃತ್ತಾಂತವು ಸ್ಥಾಪಕರಲ್ಲೊಬ್ಬನಾದ ವಿಲಿಯಂ ಕಮಿಂಗ್ ಬಹಳ ವರ್ಷಗಳ ತರುವಾಯ ಬರೆದ ಪತ್ರದಿಂದ ನಮಗೆ ದೊರೆಯುತ್ತದೆ. ೧೭೩೪ರ ಆಗಸ್ಟ್ ತಿಂಗಳಲ್ಲಿ ಆರು ಮಂದಿ ವಿದ್ಯಾರ್ಥಿಗಳು ಜ್ವರದಿಂದ ತೀರಿಕೊಂಡಿದ್ದ ಒಬ್ಬ ಪರಸ್ಥಳದ ತರುಣಿಯ ಶವವನ್ನು ದೊರಕಿಸಿಕೊಂಡರು. ಕ್ಲೆಗ್‌ಹಾರ್ನ್, ಕಮಿಂಗ್, ರಸೆಲ್, ಹ್ಯಾಮಿಲ್ಟನ್, ಕೆನೆಡಿ, ಟೇಲರ್ ಎಂದು ಅವರ ಹೆಸರುಗಳು. ಶವ ದೊರೆಯುವುದು ಅಂದು ಸುಲಭವಾಗಿರಲಿಲ್ಲ. ಸ್ಮಶಾನಗಳಿಂದ ಶವಗಳನ್ನು ಕದಿಯುತ್ತಾರೆಂದು ೧೭೨೫ರಲ್ಲಿ ಜನರು ದಂಗೆಯೆದ್ದುದರಿಂದಲೇ ಮನ್ರೋ ತನ್ನ ಪಾಠಶಾಲೆಯನ್ನು ವಿಶ್ವವಿದ್ಯಾನಿಲಯದ ಆವರಣದೊಳಕ್ಕೆ ಸಾಗಿಸಿದ್ದನು. ಮನ್ರೋವಿನ ಅನುಮತಿಯಿಂದ ಅವನ ಪಾಠಶಾಲೆಯಲ್ಲಿಯೇ ಈ ಆರು ಮಂದಿ ಸುಮಾರು ಒಂದು ತಿಂಗಳ ಕಾಲ ಶವಚ್ಛೇದನ ನಡೆಸಿದರು. ಕೆಲಸ ಮುಗಿದ ಮೇಲೆ ಒಂದು ಪಾನಗೃಹದಲ್ಲಿ ಕೂಡಿ ಊಟಮಾಡುತ್ತಿದ್ದಾಗ ಟೇಲರನು ಒಂದು ಸೂಚನೆಯನ್ನು ಮುಂದಿಟ್ಟನಂತೆ: ಹದಿನೈದು ದಿನಗಳಿಗೊಮ್ಮೆ ಒಬ್ಬೊಬ್ಬರ ಕೋಣೆಯಲ್ಲಿ ಸೇರೋಣ; ಒಬ್ಬನು ವೈದ್ಯವಿಷಯವೊಂದನ್ನು ಕುರಿತು ಇಂಗ್ಲಿಷಿನಲ್ಲಾಗಲಿ ಲ್ಯಾಟಿನ್ನಿನಲ್ಲಾಗಲಿ ಪ್ರಬಂಧವನ್ನು ಓದಲಿ; ಉಳಿದವರು ಆಕ್ಷೇಪಿಸಲಿ, ಅವನು ಸಮರ್ಥಿಸಿಕೊಳ್ಳಲಿ. ಆ ವರ್ಷದ ಡಿಸೆಂಬರಿನಲ್ಲಿ ಮೊದಲನೆಯ ಗೋಷ್ಠಿ ನಡೆಯಿತು. ೧೭೩೭ರಲ್ಲಿ ಸಂಘವು ಕ್ರಮಬದ್ಧವಾದ ನಿಯಮಗಳೊಡನೆ ಸ್ಥಾಪಿತವಾಯಿತು. ಯಾವ ಪ್ರಾಧ್ಯಾಪಕನೂ ಅದನ್ನು ಹುಟ್ಟಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಮನ್ರೋ ಕೊಟ್ಟದ್ದು ಒಂದು ತಿಂಗಳ ಮಟ್ಟಿಗೆ ತನ್ನ ಕೊಠಡಿಯನ್ನು ಮಾತ್ರ.

ಇಂಗ್ಲಿಷಿನಲ್ಲಾಗಲಿ ಲ್ಯಾಟಿನ್ನಿನಲ್ಲಾಗಲಿ ಎಂಬ ಮಾತು ಚಿಕ್ಕದಾಗಿ ಕಂಡರೂ ಅದರ ಪರಿಣಾಮ ಚಿಕ್ಕದಲ್ಲ. ಎಡಿನ್‌ಬರೋದಲ್ಲಿ ಪದವಿಪರೀಕ್ಷೆಯಿಂದ ಲ್ಯಾಟಿನ್ ಕಳಚಿಬಿದ್ದದ್ದು ೧೮೩೩ರಲ್ಲಿ. ಅದಕ್ಕೂ ಒಂದು ಶತಮಾನ ಮೊದಲೇ ವಿದ್ಯಾರ್ಥಿಗಳು ತಮ್ಮ ಗೋಷ್ಠಿಯಲ್ಲಿ ಆಡುನುಡಿಯಲ್ಲಿ ಶಾಸ್ತ್ರವನ್ನು ಚರ್ಚಿಸುತ್ತಿದ್ದರು. ಬೋಧನಮಾಧ್ಯಮದ ವಿಚಾರವಾಗಿ ಬಹುಕಾಲದಿಂದ ವಾದಿಸುತ್ತ ಬಂದಿರುವ ನಮಗೆ ಇದು ಕುತೂಹಲಕರವಾದ ಸಂಗತಿ. ಎರವಲು ಭಾಷೆಯಲ್ಲಿ ಉತ್ತರವನ್ನು ಒಪ್ಪಿಸಬಹುದು; ಎದುರಾಳಿಯ ಆಕ್ಷೇಪಕ್ಕೆ ಆ ಕ್ಷಣದಲ್ಲಿಯೇ ಸಮಾಧಾನ ಹೇಳಬೇಕಾದಾಗ ಮನಸ್ಸು ತನ್ನ ಭಾಷೆಯನ್ನೇ ಹುಡುಕುತ್ತದೆ.

ಸಂಘದ ಕಾರ್ಯಕ್ರಮವು ಕಾಲಕ್ರಮದಲ್ಲಿ ಖಚಿತವಾಯಿತು. ಪ್ರತಿಯೊಬ್ಬ ಸದಸ್ಯನೂ ತನ್ನ ಸರದಿ ಬಂದಾಗ ಮೂರು ಬಗೆಯ ಪ್ರಬಂಧಗಳನ್ನು ಬರೆಯಬೇಕಾಗಿದ್ದಿತು: ರೋಗಿಯೊಬ್ಬನ ವೃತ್ತಾಂತದ ಮೇಲೆ ಒಂದು, ಹಿಪೊಕ್ರೆಟಿಸನ ಸೂತ್ರವೊಂದಕ್ಕೆ ವ್ಯಾಖ್ಯಾನ, ವೈದ್ಯಶಾಸ್ತ್ರದ ಪ್ರಶ್ನೆಯೊಂದಕ್ಕೆ ಉತ್ತರ. ಬರೆದ ಪ್ರಬಂಧದ ಪ್ರತಿಯನ್ನು ಗೋಷ್ಠಿಗೆ ಮುಂಚೆಯೇ ಸದಸ್ಯರಲ್ಲಿ ಸುತ್ತಿಸುತ್ತಿದ್ದರು. ಓದಿ ಸಿದ್ಧರಾಗಿ ಬಂದವರ ಮುಂದೆ ಲೇಖಕನು ನಿಲ್ಲಬೇಕು. ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ನಡೆದುಬಂದ ವಾಕ್ಯಾರ್ಥವನ್ನು ಕಂಡವರಿಗೆ ಈ ಏರ್ಪಾಡಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವಪಕ್ಷವನ್ನು ಕೇಳಿಸಿಕೊಂಡು ಸಿದ್ಧಾಂತವನ್ನು ನಿಲ್ಲಿಸಲಾರದವನು ಪಂಡಿತನೆನಿಸಿಕೊಳ್ಳುವುದಿಲ್ಲವೆಂಬುದು ಎರಡು ಕಡೆಯೂ ಒಪ್ಪಿದ ನ್ಯಾಯ. ಭೇದವೂ ಉಂಟು. ನಮ್ಮ ವಾಕ್ಯಾರ್ಥದಲ್ಲಿ ತೀರ್ಪು ಹೇಳಲು ಹಿರಿಯ ವಿದ್ವಾಂಸರು ಕುಳಿತಿರುತ್ತಾರೆ. ಎಡಿನ್‌ಬರೋದ ಗೋಷ್ಠಿಯಲ್ಲಿ ಪೀಠದಲ್ಲಿದ್ದವನೂ ಸದಸ್ಯರು ಆರಿಸಿದ ಜೊತೆಗಾರನೇ. ವರ್ಷಕ್ಕೆ ನಾಲ್ವರು ಅಧ್ಯಕ್ಷರನ್ನು ಸದಸ್ಯರು ಚುನಾಯಿಸುತ್ತಿದ್ದರು. ಇಪ್ಪತ್ತು ವರ್ಷದ ಹುಡುಗನೊಬ್ಬನು ತನ್ನ ಸಮವಯಸ್ಕರ ವಾದವನ್ನು ಹತೋಟಿಯಲ್ಲಿಟ್ಟು, ವಿಷಯವು ಜಾರದಂತೆ ನೋಡಿಕೊಂಡು, ಕಡೆಗೆ ಅದರ ತಿರುಳನ್ನು ಹೇಳಬೇಕಾಗುತ್ತಿತ್ತು. ಇದು ಅಧ್ಯಾಪಕನ ಕೆಲಸವಲ್ಲದೆ ಮತ್ತೇನು?

ಸ್ಥಾಪಕರ ಮುಂದಿನ ಬಾಳನ್ನು ನೋಡಿದರೆ ಈ ಅಭ್ಯಾಸ ಎಷ್ಟು ದೂರ ಸಾಗಿತೆಂಬುದು ತಿಳಿಯುತ್ತದೆ. ಜಾರ್ಜ್ ಕ್ಲೆಗ್‌ಹಾರ್ನ್ ಸೇನೆಯ ಶಸ್ತ್ರವೈದ್ಯನಾಗಿ ಮಿನಾರ್ಕಾ ದ್ವೀಪಕ್ಕೆ ಹೋದನು. ಅಲ್ಲಿ ಹರಡುತ್ತಿದ್ದ ರೋಗಗಳನ್ನು ವರ್ಷಗಟ್ಟಲೆ ಗಮನಿಸಿ ೧೭೫೧ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ತರುವಾಯ ಡಬ್ಲಿನ್ನಿನಲ್ಲಿ ನೆಲಸಿ ಬದುಕಿನ ಉಳಿದ ಕಾಲವನ್ನು ಅಂಗರಚನಾಶಾಸ್ತ್ರದ ಬೋಧನೆಗೆ ಮೀಸಲಿಟ್ಟನು. ಅಲೆಗ್ಸಾಂಡರ್ ರಸೆಲ್ ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ಇಂಗ್ಲಿಷ್ ವರ್ತಕರ ವೈದ್ಯನಾಗಿದ್ದು, ಆ ಊರಿನ ಪ್ರಕೃತಿ, ಜನಜೀವನ, ರೋಗಗಳು ಇವನ್ನೆಲ್ಲ ವಿವರಿಸುವ ಗ್ರಂಥವನ್ನು ೧೭೫೬ರಲ್ಲಿ ಹೊರತಂದನು. ಅದನ್ನು ಪರಿಷ್ಕರಿಸಿ ೧೭೯೪ರಲ್ಲಿ ಮತ್ತೆ ಪ್ರಕಟಿಸಿದವನು ಅವನ ಮಲತಮ್ಮನಾದ ಪ್ಯಾಟ್ರಿಕ್ ರಸೆಲ್. ಈ ಪ್ಯಾಟ್ರಿಕ್ ತೆಂಕಣ ಭಾರತಕ್ಕೆ ಬಂದು ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದವನು. ಕೋರಮಂಡಲ ತೀರದ ಹಾವುಗಳನ್ನು ಕುರಿತು ಬರೆದವನು. ನಮ್ಮ ಹೊಲಗದ್ದೆಗಳ ಕೊಳಕುಮಂಡಲವು ಇಂಗ್ಲಿಷಿನಲ್ಲಿ ರಸೆಲನ ಹಾವೆಂದು ಕರೆಸಿಕೊಳ್ಳುವುದು ಅವನಿಂದಲೇ. ಆರಂಭದ ವರ್ಷಗಳಲ್ಲಿಯೇ ಗೋಷ್ಠಿಯನ್ನು ಸೇರಿದ ಜಾನ್ ಫಾದರ್‌ಗಿಲ್ ಲಂಡನ್ನಿನ ಪ್ರಸಿದ್ಧ ವೈದ್ಯನಾದನು. ಬೋಧನಪೀಠವನ್ನು ಏರದಿದ್ದರೂ ಅವನಿಗೆ ಬೋಧನೆಯ ಹಂಬಲ ತಪ್ಪಲಿಲ್ಲ: ೧೭೬೨ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಆಸ್ಪತ್ರೆಗೆ ಅಂಗರಚನೆಯ ಚಿತ್ರಗಳನ್ನೂ ಅಚ್ಚುಬೊಂಬೆಗಳನ್ನೂ ಕಳುಹಿಸಿಕೊಟ್ಟು, ಅಲ್ಲಿ ಪಾಠ ಆರಂಭವಾಗುವಂತೆ ಮಾಡಿದನು.

ಇವರೆಲ್ಲರಿಗಿಂತ ದೊಡ್ಡ ಹೆಸರು ವಿಲಿಯಂ ಕಲೆನ್‌ನದು. ೧೭೩೪ರಿಂದ ೧೭೩೬ರವರೆಗೆ ಎಡಿನ್‌ಬರೋದಲ್ಲಿ ವಿದ್ಯಾರ್ಥಿಯಾಗಿದ್ದು ಸಂಘದ ಸ್ಥಾಪನೆಯಲ್ಲಿ ಉತ್ಸಾಹದಿಂದ ಭಾಗವಹಿಸಿದ ಇವನು ಗ್ಲಾಸ್ಗೋದಲ್ಲಿ ಬೋಧನೆಯನ್ನು ಆರಂಭಿಸಿದನು. ೧೭೫೫ರಲ್ಲಿ ಎಡಿನ್‌ಬರೋಗೆ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದು, ಮುಂದೆ ವೈದ್ಯಸಿದ್ಧಾಂತ, ಚಿಕಿತ್ಸಾಶಾಸ್ತ್ರ ಈ ಎರಡು ಪೀಠಗಳನ್ನೂ ಅಲಂಕರಿಸಿದನು. ಲ್ಯಾಟಿನ್ನನ್ನು ಬಿಟ್ಟು ಇಂಗ್ಲಿಷಿನಲ್ಲಿ ಪಾಠ ಹೇಳಿದ ಮೊದಲಿಗರಲ್ಲಿ ಅವನೂ ಒಬ್ಬನು. ಬೋರ್‌ಹಾವೆಯ ಮತವನ್ನು ತರಗತಿಯಲ್ಲಿ ಬಹಿರಂಗವಾಗಿ ವಿಮರ್ಶಿಸಿದಾಗ ನಗರಾಧ್ಯಕ್ಷನಾಗಿದ್ದ ಜಾರ್ಜ್ ಡ್ರಮಂಡ್, ಅಷ್ಟು ದೂರ ಹೋಗಬೇಡವೆಂದು ಅವನನ್ನು ಎಚ್ಚರಿಸಿದ್ದುಂಟು. ಪ್ರಮಾಣಪುರುಷನ ಮಾತನ್ನೂ ಪ್ರಶ್ನಿಸಬಹುದೆಂಬ ಧೈರ್ಯ ಕಲೆನ್‌ಗೆ ಗೋಷ್ಠಿಯಿಂದಲೇ ಬಂದಿತೆಂದು ಸಾಧಿಸುವುದು ಕಷ್ಟ. ಆದರೆ ಆ ಅಭ್ಯಾಸಕ್ಕೆ ಅವನ ತಾರುಣ್ಯದಲ್ಲಿ ಬೇರೆ ಯಾವ ಶಾಲೆ ಇದ್ದಿತೆಂದು ಕೇಳಿದರೆ ಉತ್ತರ ಹೇಳುವುದು ಇನ್ನೂ ಕಷ್ಟ. ತನ್ನ ಹಳೆಯ ಸಂಘವನ್ನು ಕಲೆನ್ ಮರೆಯಲಿಲ್ಲ. ಸರ್ಜನ್ಸ್ ಸ್ಕ್ವೇರ್ ಎಂಬಲ್ಲಿ ಸಂಘವು ತನ್ನದೇ ಆದ ಮಂದಿರವನ್ನು ಕಟ್ಟಿಸಿಕೊಂಡಾಗ, ೧೭೭೫ರ ಏಪ್ರಿಲಿನಲ್ಲಿ ಅಡಿಗಲ್ಲನ್ನಿಟ್ಟವನು ಅವನೇ. ೧೭೭೮ರಲ್ಲಿ ದೊರೆಯ ಸನ್ನದು ದೊರೆತು ಅದು ರಾಯಲ್ ಮೆಡಿಕಲ್ ಸೊಸೈಟಿ ಎನಿಸಿತು. ವಿದ್ಯಾರ್ಥಿಗಳ ಕೂಟವೊಂದಕ್ಕೆ ಸ್ವಂತ ಮಂದಿರ, ಸ್ವಂತ ಗ್ರಂಥಭಂಡಾರ, ರಾಜಸನ್ನದು ಇವು ಮೂರೂ ಇದ್ದುದು ಅಪರೂಪದ ಸಂಗತಿಯೇ ಸರಿ.

ಗೋಷ್ಠಿಯ ಗುಣಗಳನ್ನು ಹೇಳುವಾಗ ಅದರ ದೋಷಗಳನ್ನು ಮುಚ್ಚಿಡುವುದು ಇತಿಹಾಸಕಾರನ ಧರ್ಮವಲ್ಲ. ಜಾನ್ ಬ್ರೌನನ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಬ್ರೌನ್ ಬಡವರ ಮನೆಯ ಹುಡುಗ. ಬಾಲ್ಯದಲ್ಲಿ ನೇಕಾರನ ಬಳಿ ಕೆಲಸಕ್ಕೆ ನಿಂತವನು. ಲ್ಯಾಟಿನ್ನಿನಲ್ಲಿ ಅಸಾಧಾರಣ ಪಾಂಡಿತ್ಯವನ್ನು ಗಳಿಸಿ, ವೈದ್ಯವಿದ್ಯಾರ್ಥಿಗಳಿಗೆ ಆ ಭಾಷೆಯಲ್ಲಿ ಪ್ರಬಂಧ ಬರೆಯಲು ನೆರವಾಗುತ್ತ ಹೊಟ್ಟೆ ಹೊರೆದನು. ಕಲೆನ್ ಅವನನ್ನು ಮನೆಗೆ ಕರೆದು ಮಕ್ಕಳ ಪಾಠಕ್ಕೆ ನೇಮಿಸಿದನು. ಆದರೆ ಪೀಠವೊಂದನ್ನು ಬಯಸಿದಾಗ ಕಲೆನ್ ತನ್ನ ಪರವಾಗಿ ನಿಲ್ಲಲಿಲ್ಲವೆಂಬ ಕಹಿ ಬ್ರೌನನಲ್ಲಿ ಬೇರೂರಿತು. ೧೭೮೦ರಲ್ಲಿ ಅವನು ತನ್ನದೇ ಸಿದ್ಧಾಂತವನ್ನು ಲ್ಯಾಟಿನ್ ಗ್ರಂಥವಾಗಿ ಪ್ರಕಟಿಸಿದನು. ಜೀವವೆಂಬುದು ಪ್ರಚೋದನೆಯಿಂದ ನಿಲ್ಲುವಂಥದು. ಪ್ರಚೋದನೆ ಹೆಚ್ಚಿದರೆ ಒಂದು ಬಗೆಯ ರೋಗ, ಕುಗ್ಗಿದರೆ ಇನ್ನೊಂದು ಬಗೆಯ ರೋಗ. ಬಹುಪಾಲು ರೋಗಗಳು ಎರಡನೆಯ ಬಗೆಯವಾದುದರಿಂದ ಮದ್ಯ, ಅಫೀಮು ಮೊದಲಾದವುಗಳಿಂದ ದೇಹವನ್ನು ಎಚ್ಚರಿಸಬೇಕು ಎಂಬುದೇ ಅದರ ಸಾರ. ಪಾಠ ಹೇಳುವಾಗ ಅವನ ಒಂದು ಪಕ್ಕಕ್ಕೆ ವಿಸ್ಕಿಯೂ ಇನ್ನೊಂದು ಪಕ್ಕಕ್ಕೆ ಅಫೀಮಿನ ದ್ರವವೂ ಇರುತ್ತಿದ್ದುವೆಂಬ ಹೇಳಿಕೆಯುಂಟು.

ವಿಶ್ವವಿದ್ಯಾನಿಲಯವು ಬ್ರೌನನಿಗೆ ಯಾವ ಪೀಠವನ್ನೂ ಕೊಡಲಿಲ್ಲ. ವಿದ್ಯಾರ್ಥಿಗಳ ಸಂಘವು ೧೭೭೬ರಲ್ಲೊಮ್ಮೆ ೧೭೮೦ರಲ್ಲೊಮ್ಮೆ ಅವನನ್ನು ತನ್ನ ಅಧ್ಯಕ್ಷರಲ್ಲೊಬ್ಬನನ್ನಾಗಿ ಆರಿಸಿತು. ಗೋಷ್ಠಿಯು ಕಲೆನ್ ಪಕ್ಷ, ಬ್ರೌನ್ ಪಕ್ಷವೆಂದು ಇಬ್ಭಾಗವಾಯಿತು. ವಾದವು ಎಷ್ಟು ಕಾವೇರಿತೆಂದರೆ, ಸಭೆಯಲ್ಲಿ ಆಡಿದ ಮಾತಿಗಾಗಿ ಸದಸ್ಯನೊಬ್ಬನು ಇನ್ನೊಬ್ಬನನ್ನು ದ್ವಂದ್ವಯುದ್ಧಕ್ಕೆ ಕರೆದರೆ ಅವನನ್ನು ಸಂಘದಿಂದ ಹೊರಹಾಕತಕ್ಕದ್ದೆಂಬ ನಿಯಮವನ್ನೇ ಮಾಡಬೇಕಾಯಿತು. ಹಿರಿಯರ ಅಂಕುಶವಿಲ್ಲದ ಗೋಷ್ಠಿಗೆ ಇದು ತಕ್ಕ ಶಿಕ್ಷೆಯೆಂದು ಹೇಳುವವರೂ ಇದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಬ್ರೌನನ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಅದರ ಮೇಲೆ ವಾದಿಸಲು ಎಡಿನ್‌ಬರೋದಲ್ಲಿ ತೆರೆದಿದ್ದ ಬಾಗಿಲು ಗೋಷ್ಠಿಯದು. ತಪ್ಪು ಮತವನ್ನು ಬಾಯಿ ತುಂಬ ಸಮರ್ಥಿಸಿ, ಅದು ತಪ್ಪೆಂದು ತಾನೇ ಕಂಡುಕೊಳ್ಳುವುದೂ ವಿದ್ವಾಂಸನ ಶಿಕ್ಷಣದ ಒಂದು ಭಾಗ. ಬ್ರೌನನಂತೂ ೧೭೮೬ರಲ್ಲಿ ಲಂಡನ್ನಿಗೆ ಹೋಗಿ, ಎರಡು ವರ್ಷಗಳಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಗೋಷ್ಠಿಯ ಪಾಂಡಿತ್ಯ ಕೆಲವು ವೇಳೆ ಬರಿಯ ಮಾತಿನ ಪಾಂಡಿತ್ಯವಾಗುತ್ತಿದ್ದುದೂ ನಿಜ. ಇದಕ್ಕೆ ಸಾಕ್ಷಿ ನಮ್ಮ ದೇಶದ ವಿದ್ವಲ್ಲೋಕಕ್ಕೂ ಪರಿಚಿತನಾದ ಜೇಮ್ಸ್ ಮ್ಯಾಕಿಂತೋಷ್. ೧೭೮೭ರಲ್ಲಿ ಎಡಿನ್‌ಬರೋದ ವೈದ್ಯಪದವಿಯನ್ನು ಪಡೆದು, ತರುವಾಯ ನ್ಯಾಯಶಾಸ್ತ್ರದ ಕಡೆಗೆ ತಿರುಗಿ, ಮುಂಬಯಿಯ ನ್ಯಾಯಾಧಿಪತಿಯಾಗಿ ಬಂದು, ೧೮೦೪ರಲ್ಲಿ ಅಲ್ಲಿಯ ಲಿಟರರಿ ಸೊಸೈಟಿಯನ್ನು ಸ್ಥಾಪಿಸಿದವನು ಇವನೇ. ಇಂದಿನ ಮುಂಬಯಿ ಏಷ್ಯಾಟಿಕ್ ಸೊಸೈಟಿಯ ಮೂಲ ಅದು. ವಿದ್ಯಾರ್ಥಿಯಾಗಿದ್ದಾಗ ಬ್ರೌನ್ ಪಕ್ಷವನ್ನು ಹಿಡಿದು ವೈದ್ಯಗೋಷ್ಠಿಯಲ್ಲಿ ಧಾರಾಳವಾಗಿ ಮಾತನಾಡಿದ್ದನು. ರೋಗಿಯ ಮಂಚದ ಬಳಿ ನಿಂತರೆ ಪಕ್ಕೆಯ ಉರಿಯೂತಕ್ಕೂ ಜಲೋದರಕ್ಕೂ ವ್ಯತ್ಯಾಸ ತಿಳಿಯದಿದ್ದ ಕಾಲದಲ್ಲಿಯೇ ಶಾಸ್ತ್ರದ ಅತಿ ಕಠಿಣವಾದ ಪ್ರಶ್ನೆಗಳನ್ನು ತಾನು ನಿಸ್ಸಂಕೋಚವಾಗಿ ಚರ್ಚಿಸಿದೆನೆಂದು ಮುಂದೆ ಅವನು ತನ್ನನ್ನೇ ಹಾಸ್ಯಮಾಡಿಕೊಂಡನು. ವೈದ್ಯಕ್ಕೆ ಅವನಿಂದ ಏನೂ ಲಾಭವಾಗಲಿಲ್ಲ. ಗೋಷ್ಠಿ ಕಟ್ಟುವ ಕಲೆಯನ್ನು ಮಾತ್ರ ಅವನು ಸಮುದ್ರ ದಾಟಿಸಿ ತಂದನು.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಗೋಷ್ಠಿಯು ಅಧ್ಯಾಪಕನಾಗಲು ತಕ್ಕ ಗುಣಗಳನ್ನು ಬೆಳೆಸಿತೆಂದೇ ಇಟ್ಟುಕೊಂಡರೂ, ಅಧ್ಯಾಪಕನ ಸ್ಥಾನವನ್ನು ಕೊಡುವ ಅಧಿಕಾರ ಅದಕ್ಕೆ ಇರಲಿಲ್ಲ. ಎಡಿನ್‌ಬರೋದ ಬಹುತೇಕ ಪೀಠಗಳು ೧೮೫೮ರ ಶಾಸನದವರೆಗೂ ನಗರಸಭೆಯ ಕೈಯಲ್ಲಿದ್ದುವು. ನಗರಸಭೆಯ ಕೃಪೆಗೆ ವಿದ್ಯೆಯೊಂದೇ ಸಾಧನವಾಗಿರಲಿಲ್ಲ. ಅಂಗರಚನಾಶಾಸ್ತ್ರದ ಪೀಠವು ಅಲೆಗ್ಸಾಂಡರ್ ಮನ್ರೋ ಎಂಬ ಒಂದೇ ಹೆಸರಿನ ತಂದೆ, ಮಗ, ಮೊಮ್ಮಗ ಮೂವರ ವಶದಲ್ಲಿ ೧೭೨೦ರಿಂದ ೧೮೪೬ರವರೆಗೆ, ನೂರ ಇಪ್ಪತ್ತಾರು ವರ್ಷ ಉಳಿಯಿತು. ಮೊದಲಿಬ್ಬರು ಸಮರ್ಥರು. ಮೂರನೆಯವನಾದರೋ ಅಜ್ಜನ ಟಿಪ್ಪಣಿಗಳನ್ನೇ ಓದಿ ಹೇಳುತ್ತ, ನೂರು ವರ್ಷ ಹಿಂದೆ ಲೈಡನ್ನಿನಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಎಂಬ ಅಜ್ಜನ ಮಾತನ್ನೂ ಬಿಡದೆ ಓದುತ್ತಿದ್ದನೆಂದು ವಿದ್ಯಾರ್ಥಿಗಳು ನಗುತ್ತಿದ್ದರಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಹಾಗೆ ಕಥೆ ಕಟ್ಟುವಂತಿದ್ದನೆಂಬುದರಲ್ಲಿ ಸಂದೇಹವಿಲ್ಲ.

ಆಂಡ್ರೂ ಡಂಕನ್‌ನ ಜೀವನವು ಈ ತೊಡಕನ್ನು ನಮಗೆ ಸ್ಪಷ್ಟವಾಗಿ ತೋರಿಸುತ್ತದೆ. ೧೭೪೪ರಲ್ಲಿ ಹುಟ್ಟಿದ ಡಂಕನ್ ೧೭೬೪ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಗೋಷ್ಠಿಯ ಅಧ್ಯಕ್ಷನಾದನು. ಹಡಗಿನ ವೈದ್ಯನಾಗಿ ಚೀನಾ ದೇಶಕ್ಕೆ ಒಂದು ಯಾತ್ರೆ ಮಾಡಿ ಬಂದ ಮೇಲೆ, ಮತ್ತೆ ಅದೇ ಸಂಘದಲ್ಲಿ ಬಂದು ಕುಳಿತನು. ಇನ್ನೂ ಐದು ಬಾರಿ ಅಧ್ಯಕ್ಷನಾದನು. ಬಹುಕಾಲ ಕೋಶಾಧಿಕಾರಿಯಾಗಿ ಅದರ ಹಣವನ್ನು ನೋಡಿಕೊಂಡನು. ಮಂದಿರವನ್ನು ಕಟ್ಟಿಸುವ ಉದ್ಯಮದ ಹಿಂದೆ ನಿಂತವನೂ ಅವನೇ. ೧೭೭೩ರಲ್ಲಿ ವೈದ್ಯಗ್ರಂಥಗಳ ಸಾರವನ್ನೂ ಹೊಸ ಸಂಗತಿಗಳನ್ನೂ ತಿಳಿಸುವ ತ್ರೈಮಾಸಿಕವೊಂದನ್ನು ಆರಂಭಿಸಿದನು. ವೈದ್ಯಸಿದ್ಧಾಂತದ ಪೀಠಕ್ಕೆ ನೇಮಕಗೊಂಡವನು ವಿದೇಶದಲ್ಲಿಯೇ ಉಳಿದುಬಿಟ್ಟುದರಿಂದ, ೧೭೭೪ರಿಂದ ಎರಡು ವರ್ಷ ಆ ಪಾಠಗಳನ್ನು ಡಂಕನ್ನನೇ ಹೇಳಿದನು. ಪೀಠ ತನಗೇ ದೊರೆಯುವುದೆಂದು ಅವನು ನಿರೀಕ್ಷಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ೧೭೭೬ರಲ್ಲಿ ಪೀಠವು ಜೇಮ್ಸ್ ಗ್ರೆಗರಿ ಎಂಬ ಇಪ್ಪತ್ತಮೂರು ವರ್ಷದ ತರುಣನಿಗೆ ಸಂದಿತು. ಗ್ರೆಗರಿ ಪ್ರತಿಭಾವಂತನೇನೋ ಹೌದು. ಆದರೆ ಅವನು ಅಲ್ಲಿಯೇ ಪ್ರಾಧ್ಯಾಪಕನಾಗಿದ್ದು ೧೭೭೩ರಲ್ಲಿ ತೀರಿಕೊಂಡಿದ್ದ ಜಾನ್ ಗ್ರೆಗರಿಯ ಮಗನೂ ಹೌದು.

ಇಂಥ ಪೆಟ್ಟು ತಿಂದವರು ಸಾಮಾನ್ಯವಾಗಿ ಬೋಧನೆಗೆ ಬೆನ್ನು ತಿರುಗಿಸಿ ಚಿಕಿತ್ಸೆಯ ಆದಾಯದಲ್ಲಿ ಸಮಾಧಾನ ಪಡೆಯುತ್ತಾರೆ. ಡಂಕನ್ ಹಾಗೆ ಮಾಡಲಿಲ್ಲ. ವಿಶ್ವವಿದ್ಯಾನಿಲಯದ ಹೊರಗೆ ತನ್ನದೇ ಪಾಠಗಳನ್ನು ಮುಂದುವರಿಸುವುದಾಗಿ ಪ್ರಕಟಿಸಿದನು. ಪಾಠಕ್ಕೆ ರೋಗಿಗಳು ಬೇಕಷ್ಟೆ: ಬಹುಕಾಲದ ರೋಗಗಳಿಂದ ನರಳುವ ಬಡವರಿಗೆ ಉಚಿತವಾಗಿ ಔಷಧವನ್ನೂ ಸಲಹೆಯನ್ನೂ ಕೊಡುವ ಸಾರ್ವಜನಿಕ ಔಷಧಾಲಯವೊಂದನ್ನು ಅದೇ ೧೭೭೬ರಲ್ಲಿ ತೆರೆದನು. ಅಲ್ಲಿಗೆ ಬಂದ ರೋಗಿಗಳು ಅವನ ಶಿಷ್ಯರಿಗೆ ಪಾಠವಾದರು. ಹೀಗೆ ಸುಮಾರು ಹದಿನಾಲ್ಕು ವರ್ಷ ಪೀಠವಿಲ್ಲದ ಪ್ರಾಧ್ಯಾಪಕನಾಗಿ ನಡೆದು, ಕಲೆನ್ ನಿವೃತ್ತನಾಗಿ ಗ್ರೆಗರಿಯು ಅವನ ಸ್ಥಾನಕ್ಕೆ ಹೋದ ಮೇಲೆ, ತಾನು ಎಂದೋ ಬಯಸಿದ್ದ ವೈದ್ಯಸಿದ್ಧಾಂತದ ಪೀಠವನ್ನು ನಲವತ್ತೈದರ ಸುಮಾರಿನಲ್ಲಿ ಪಡೆದನು. ಎಳೆಯ ವಯಸ್ಸಿನಲ್ಲಿಯೇ ಯಾರ ನೇಮಕಕ್ಕೂ ಕಾಯದೆ ಪಾಠವನ್ನೂ ಸಭೆಯನ್ನೂ ಹಣವನ್ನೂ ನಿರ್ವಹಿಸಿದ್ದ ಅನುಭವ ಅವನ ಕೈಹಿಡಿಯಿತೆಂದು ನಾವು ಭಾವಿಸುತ್ತೇವೆ. ಪೀಠವನ್ನು ಕೊಡಲಾರದ ಗೋಷ್ಠಿಯು, ಪೀಠವಿಲ್ಲದೆಯೂ ಅಧ್ಯಾಪಕನಾಗಿರುವುದನ್ನು ಅವನಿಗೆ ಕಲಿಸಿದ್ದಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ವೈದ್ಯನ್ಯಾಯಶಾಸ್ತ್ರಕ್ಕೆ ಒಂದು ಪೀಠ ಬೇಕೆಂದು ವಾದಿಸಿ ಗೆದ್ದವನು ಡಂಕನ್. ೧೮೦೭ರಲ್ಲಿ ಆ ಪೀಠವು ಸ್ಥಾಪಿತವಾದಾಗ ಅದರ ಮೊದಲನೆಯ ಪ್ರಾಧ್ಯಾಪಕನಾದವನು ಡಂಕನ್ನನ ಮಗ. ಮಗನೂ ವಿದ್ವಾಂಸನೇ. ಆದರೂ ಗ್ರೆಗರಿಯ ಪ್ರಸಂಗವನ್ನು ಓದಿ ಬಂದವರಿಗೆ ಇಲ್ಲಿ ಮುಗುಳುನಗೆ ಬಾರದಿರದು.

ಎಡಿನ್‌ಬರೋದಲ್ಲಿ ಪೀಠಗಳು ಕೆಲವೇ ಆದುದರಿಂದ ಅಲ್ಲಿ ತಯಾರಾದ ಅಧ್ಯಾಪಕರು ಬೇರೆ ಕಡೆಗೆ ಹೋಗಬೇಕಾಯಿತು. ಇದರ ಹೆಚ್ಚಿನ ಲಾಭ ಅಮೆರಿಕಕ್ಕೆ ದೊರೆಯಿತು. ೧೭೬೩ರಲ್ಲಿ ಎಡಿನ್‌ಬರೋದ ಪದವಿಯನ್ನು ಪಡೆದ ಜಾನ್ ಮಾರ್ಗನ್ ೧೭೬೫ರಲ್ಲಿ ಫಿಲಡೆಲ್ಫಿಯಾದಲ್ಲಿ ಆ ಖಂಡದ ಮೊದಲನೆಯ ವೈದ್ಯವಿದ್ಯಾಲಯವನ್ನು ಆರಂಭಿಸಿದನು. ೧೭೬೧ರಲ್ಲಿ ಅಲ್ಲಿಯೇ ಪದವೀಧರನಾದ ವಿಲಿಯಂ ಶಿಪ್ಪನ್ ಅಂಗರಚನೆಯನ್ನು ಬೋಧಿಸಿದನು. ಫಾದರ್‌ಗಿಲ್ ಕಳುಹಿಸಿದ್ದ ಚಿತ್ರಗಳು ಶಿಪ್ಪನ್ನನ ಪಾಠಕ್ಕೆ ಒದಗಿದ್ದುವು. ಗೋಷ್ಠಿಯ ಸದಸ್ಯನಾಗಿದ್ದ ಬೆಂಜಮಿನ್ ರಷ್ ೧೭೬೮ರಲ್ಲಿ ಜೀರ್ಣಕ್ರಿಯೆಯನ್ನು ಕುರಿತು ಪ್ರಬಂಧ ಬರೆದನು; ಅದಕ್ಕಾಗಿ ತಾನು ಉಂಡ ಅನ್ನವನ್ನೇ ವಾಂತಿಮಾಡಿ ಪರೀಕ್ಷಿಸಿಕೊಂಡಿದ್ದನು. ಮರುವರ್ಷ ಫಿಲಡೆಲ್ಫಿಯಾದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಹೊಸ ದೇಶದಲ್ಲಿ ಪೀಠಕ್ಕೆ ತಂದೆಯ ಹೆಸರು ಬೇಕಾಗಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು: ಗೋಷ್ಠಿಯು ಅಧ್ಯಾಪಕರನ್ನು ತಯಾರಿಸಿತೋ, ಅಧ್ಯಾಪಕರಾಗತಕ್ಕವರೇ ಗೋಷ್ಠಿಯನ್ನು ಸೇರಿದರೋ? ಆಕ್ಷೇಪ ಬಲವಾದುದು. ಹೆಸರಾದವರ ಪಟ್ಟಿಯನ್ನು ಮಾತ್ರ ನೋಡುವವನು ಹೆಸರಾಗದವರನ್ನು ಮರೆಯುತ್ತಾನೆ. ಪ್ರಬಂಧಗಳನ್ನು ಓದಿ ಊರಿಗೆ ಹೋಗಿ ರೋಗಿಗಳನ್ನು ನೋಡಿಕೊಂಡಿದ್ದವರೇ ಸದಸ್ಯರಲ್ಲಿ ಬಹುಮಂದಿ. ಸ್ಥಾಪಕನಾದ ಕಮಿಂಗ್ ಸಹ ಡಾರ್ಚೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ವೈದ್ಯನಾಗಿಯೇ ಬಾಳಿದನು. ಇನ್ನೊಂದು ಮಾತು: ಒಂದೂಕಾಲು ಶತಮಾನಕ್ಕೂ ಹೆಚ್ಚುಕಾಲ ಈ ಅವಕಾಶ ಗಂಡಸರಿಗೆ ಮಾತ್ರ. ಎಡಿನ್‌ಬರೋದಲ್ಲಿ ಸ್ತ್ರೀಯರು ವೈದ್ಯವಿದ್ಯಾರ್ಥಿನಿಯರಾಗಿ ದಾಖಲಾದದ್ದೇ ೧೮೬೯ರಲ್ಲಿ. ಅವರಿಗೂ ಪದವಿಯನ್ನು ನಿರಾಕರಿಸಲಾಯಿತು. ೧೮೨೫ರಲ್ಲಿ ಹದಿನಾರು ವರ್ಷದ ವೈದ್ಯವಿದ್ಯಾರ್ಥಿಯಾಗಿ ಬಂದ ಚಾರ್ಲ್ಸ್ ಡಾರ್ವಿನ್ ಗೋಷ್ಠಿಗೆ ಸಾಕಷ್ಟು ಕ್ರಮವಾಗಿಯೇ ಹೋಗುತ್ತಿದ್ದನು. ಒಳ್ಳೆಯ ವಾಗ್ಮಿಗಳು ಕೆಲವರಿದ್ದರೂ ಅಲ್ಲಿ ಕೇಳಿಬಂದುದರಲ್ಲಿ ಹುರುಳಿಲ್ಲದ ಮಾತೇ ಹೆಚ್ಚೆಂದು ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನ ಒಲವು ಪ್ಲಿನಿಯನ್ ಸೊಸೈಟಿ ಎಂಬ ಇನ್ನೊಂದು ವಿದ್ಯಾರ್ಥಿಸಂಘದ ಕಡೆಗಿತ್ತು. ಸಮುದ್ರತೀರದ ಸಣ್ಣ ಜೀವಿಗಳನ್ನು ಕುರಿತ ತನ್ನ ಮೊದಲ ಶೋಧನೆಯನ್ನು ೧೮೨೭ರ ಮಾರ್ಚಿನಲ್ಲಿ ಅವನು ಮಂಡಿಸಿದ್ದು ಅಲ್ಲಿ. ಅವನನ್ನು ವೈದ್ಯಾಧ್ಯಾಪಕನನ್ನಾಗಿ ಮಾಡುವ ಶಕ್ತಿ ಯಾವ ಗೋಷ್ಠಿಗೂ ಇರಲಿಲ್ಲ.

ಆದುದರಿಂದ ನಾವು ಇಷ್ಟು ಮಾತ್ರ ಹೇಳುತ್ತೇವೆ. ಒಲವು ಇಲ್ಲದವನಲ್ಲಿ ಗೋಷ್ಠಿಯು ಒಲವನ್ನು ಹುಟ್ಟಿಸಲಿಲ್ಲ. ಒಲವಿದ್ದವನಿಗೆ ಅದು ತನ್ನಲ್ಲಿದೆಯೆಂದು ತಿಳಿದುಕೊಳ್ಳುವ ಅವಕಾಶವನ್ನು ಒದಗಿಸಿತು. ತರಗತಿಯಲ್ಲಿ ಮೌನವಾಗಿ ಕುಳಿತವನಿಗೆ ತಾನು ಬೋಧಿಸಬಲ್ಲೆನೆಂಬುದು ತಿಳಿಯುವ ದಾರಿಯೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರಯೋಗಶಾಲೆಯೂ ಆಸ್ಪತ್ರೆಯ ವಾರ್ಡೂ ಪಾಠದ ಅಂಗಗಳಾದ ಮೇಲೆ ಗೋಷ್ಠಿಯ ಅನಿವಾರ್ಯತೆ ಕಡಿಮೆಯಾಯಿತು. ೧೮೫೨ರಲ್ಲಿ ಅದು ಸರ್ಜನ್ಸ್ ಸ್ಕ್ವೇರಿನಿಂದ ಮೆಲ್ಬೋರ್ನ್ ಪ್ಲೇಸ್ ಎಂಬಲ್ಲಿಗೆ ಸಾಗಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಂದಲೂ ಏಳಬೇಕಾಯಿತು. ೧೯೫೭ರಲ್ಲಿ ರೆಸ್ ಮೆಡಿಕಾ ಎಂಬ ನಿಯತಕಾಲಿಕವನ್ನು ಆರಂಭಿಸಿತು. ಸಂಘ ಇಂದಿಗೂ ಉಂಟು. ವಿದ್ಯಾರ್ಥಿಗಳೇ ಅದನ್ನು ನಡೆಸುತ್ತಿದ್ದಾರೆ. ಆದರೆ ತಲೆತಲಾಂತರದ ವಿದ್ಯಾರ್ಥಿಗಳು ಚಂದಾ ಕೂಡಿಸಿ ಬೆಳೆಸಿದ್ದ ಗ್ರಂಥಭಂಡಾರವನ್ನು ೧೯೬೯ರಲ್ಲಿ ಸಾದಬಿಸ್ ಸಂಸ್ಥೆಯ ಮೂಲಕ ಹರಾಜು ಹಾಕಲಾಯಿತು. ಪುಸ್ತಕಗಳು ಹಲವು ಕೈಗಳಿಗೆ ಚದುರಿಹೋದುವು. ಸದಸ್ಯರು ತಮ್ಮ ಸರದಿಯಲ್ಲಿ ಬರೆದು ಓದಿದ್ದ ಪ್ರಬಂಧಗಳ ಹಸ್ತಪ್ರತಿ ಸಂಪುಟಗಳು ಮಾತ್ರ ಎಡಿನ್‌ಬರೋದಲ್ಲಿಯೇ ಉಳಿದಿವೆ.